ಮಕ್ಕಳೆಲ್ಲ ಸೇರಿ ಮಾಡುವ ಕಲೆ: ಪ್ರಾಥಮಿಕ ಶಾಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಪಾಠ ಮಾಡುತ್ತೇನೆ. ಚಿತ್ರಕಲೆಯ ಟೀಚರ್ ಅಲ್ಲ, ಗಣಿತ ಮತ್ತು ವಿಜ್ಞಾನದ ಟೀಚರ್. ಮಕ್ಕಳಿಂದ ಕಲೆಯ ಕೆಲಸ ಮಾಡಿಸಲು ಶುರು ಮಾಡಿದ ಮೇಲೆ ಪೋಷಕರು, ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿ), ಬೇರೆ ಶಾಲೆಯ ಟೀಚರುಗಳು ತುಂಬ ಪ್ರಶ್ನೆ ಕೇಳಿದ್ದಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನಿಸಿತು.

ಸೇರಿ ಮಾಡುವುದು ಅಂದರೆ ಏನು? ಮೂವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಚಿತ್ರ ಬಿಡಿಸಿದರೆ ಸಾಲದಾ?

ಸಾಲದು. ಅದು ಮೂವತ್ತು ಬೇರೆ ಬೇರೆ ಚಿತ್ರ, ಅಷ್ಟೆ.

ಯಕ್ಷಗಾನದ ಮೇಳವನ್ನು ನೆನಪಿಸಿಕೊಳ್ಳಿ. ಭಾಗವತರು ಹಾಡಬೇಕು, ಚೆಂಡೆ ಮದ್ದಳೆಯವರು ಅವರ ಬಾಯಿ ನೋಡಿ ಬಾರಿಸಬೇಕು, ವೇಷಧಾರಿ ಅದಕ್ಕೆ ಹೆಜ್ಜೆ ಹಾಕಬೇಕು. ಚೌಕಿಯಲ್ಲಿ ವೇಷ ಕಟ್ಟಿಕೊಡುವವರು ಇಲ್ಲದಿದ್ದರೆ ರಂಗಸ್ಥಳಕ್ಕೆ ಯಾರೂ ಬರುವ ಹಾಗಿಲ್ಲ. ಒಬ್ಬರು ಕೈ ಬಿಟ್ಟರೂ ಆಟ ನಿಲ್ಲುತ್ತದೆ. ಶಾಲೆಯ ಕೆಲಸವನ್ನೂ ನಾನು ಹಾಗೇ ಅಳೆಯುತ್ತೇನೆ. ಒಂದು ಮಗು ಇವತ್ತು ಬರಲಿಲ್ಲ ಅಂದರೆ ಕೆಲಸದಲ್ಲಿ ಅದರ ಜಾಗ ಖಾಲಿ ಕಾಣಬೇಕು. ಕಾಣದಿದ್ದರೆ ಆ ಮಗುವಿಗೆ ನಾವು ಕೊಟ್ಟದ್ದು ಸುಮ್ನೆ ಹೊತ್ತು ಕಳೆಯುವ ಕೆಲಸ.

ಪಾಠ ಮುಗಿಸುವುದೇ ಕಷ್ಟ. ಇದಕ್ಕೆಲ್ಲ ಸಮಯ ಎಲ್ಲಿದೆ?

ಒಂದರಿಂದ ಮೂರನೇ ತರಗತಿಗೆ ಇದು ದೊಡ್ಡ ತೊಂದರೆ ಅಲ್ಲ. ಆ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಹಾಡು, ಚಿತ್ರ, ಆಟ ಪಾಠದ ಒಳಗೇ ಇವೆ. ನಾಲ್ಕನೇ ತರಗತಿಯಿಂದ ಮೇಲೆ ಇಕ್ಕಟ್ಟು ಶುರುವಾಗುತ್ತದೆ. ನಾನು ವಾರಕ್ಕೆ ಎರಡು ಪಿರಿಯಡ್ ಒಟ್ಟಿಗೆ ಸಿಗುವ ಹಾಗೆ ನೋಡಿಕೊಳ್ಳುತ್ತೇನೆ. ನಲವತ್ತು ನಿಮಿಷದಲ್ಲಿ ಬಣ್ಣ ಕಲಸಿ, ಕೆಲಸ ಮಾಡಿ, ಕೈ ತೊಳೆದು ಮುಗಿಸಲು ಆಗುವುದಿಲ್ಲ. ಬ್ಯಾಗ್ ಇಲ್ಲದ ಶನಿವಾರವನ್ನು ಇದಕ್ಕೇ ಇಟ್ಟುಕೊಳ್ಳಬಹುದು.

ಆದರೆ ನಿಜವಾದ ಉತ್ತರ ಬೇರೆ. ಕಲೆಯನ್ನು ಪಾಠದಿಂದ ಹೊರಗೆ ಇಟ್ಟರೆ ಸಮಯ ಯಾವತ್ತೂ ಸಿಗುವುದಿಲ್ಲ. ಮುಂದಿನ ಉತ್ತರ ಓದಿ, ಅದರಲ್ಲಿ ಎಷ್ಟು ಗಣಿತ ಇದೆ ಅಂತ ನಿಮಗೇ ಗೊತ್ತಾಗುತ್ತದೆ.

ಮೊದಲ ಸಲ ಮಾಡುವವರು ಯಾವುದರಿಂದ ಶುರು ಮಾಡಬೇಕು?

ಗೂಡುದೀಪದಿಂದ, ಅಂದರೆ ಕಡ್ಡಿ ಕಟ್ಟಿ ಬಣ್ಣದ ಕಾಗದ ಅಂಟಿಸಿ ಮಾಡುವ ಆಕಾಶಬುಟ್ಟಿಯಿಂದ. ದೀಪಾವಳಿಗೆ ನಮ್ಮ ಕರಾವಳಿಯಲ್ಲಿ ಗೂಡುದೀಪ ಇಲ್ಲದ ಬೀದಿ ಇಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ ಅದಕ್ಕೆ ದೊಡ್ಡ ಸ್ಪರ್ಧೆಯೇ ನಡೆಯುತ್ತದೆ. ಈಗ ಹೆಚ್ಚಿನ ಮನೆಗಳಿಗೆ ಅಂಗಡಿಯ ಪ್ಲಾಸ್ಟಿಕ್ ಗೂಡುದೀಪ ಬಂದಿದೆ. ಹಾಗಾಗಿ ಅಜ್ಜನ ಹತ್ತಿರ ಕೇಳಿ ಕಲಿಯಲು ಇದೇ ಸರಿಯಾದ ಸಮಯ.

ನಾವು ಮಾಡುವ ರೀತಿ ಹೀಗೆ. ತರಗತಿಯಲ್ಲಿ 24 ಮಕ್ಕಳು ಇದ್ದಾರೆ ಅಂದುಕೊಳ್ಳಿ. ಪ್ರತಿ ಮಗುವಿಗೆ ಒಂದು ಬಿದಿರಿನ ಕಡ್ಡಿ. ಅದನ್ನು ಸರಿಯಾಗಿ 30 ಸೆಂಟಿಮೀಟರಿಗೆ ಅಳೆದು ಗುರುತು ಹಾಕುವುದು ಆ ಮಗುವಿನ ಜವಾಬ್ದಾರಿ. ಕತ್ತರಿಸುವುದು ದೊಡ್ಡವರು. ನಾಲ್ಕು ಮಕ್ಕಳು ಸೇರಿ ನಾಲ್ಕು ಕಡ್ಡಿಯಿಂದ ಒಂದು ಚೌಕ ಕಟ್ಟುತ್ತಾರೆ. ಆರು ಗುಂಪು, ಆರು ಚೌಕ. ಆಮೇಲೆ ಒಂದು ಚೌಕದ ಮೂಲೆಯನ್ನು ಪಕ್ಕದ ಚೌಕದ ಮೂಲೆಗೆ ದಾರದಿಂದ ಕಟ್ಟುತ್ತಾ ಹೋಗಬೇಕು. ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು. ಎಲ್ಲ ಮೂಲೆ ಸೇರಿದಾಗ ಚೌಕಗಳ ನಡುವೆ ತಾನಾಗಿಯೇ ಎಂಟು ತ್ರಿಕೋನ ಮೂಡುತ್ತವೆ! ಆ ತ್ರಿಕೋನಗಳನ್ನು ಯಾರೂ ಮಾಡಿದ್ದಲ್ಲ. ಮೊದಲ ಸಲ ಅದನ್ನು ನೋಡಿದಾಗ ಮಕ್ಕಳು ಕೂಗಿದ ಸದ್ದಿಗೆ ಪಕ್ಕದ ತರಗತಿಯವರೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರು.

ಯಾರೋ ಒಬ್ಬರ ಕಡ್ಡಿ 28 ಸೆಂಟಿಮೀಟರ್ ಆದರೆ ಗೂಡು ಓರೆಯಾಗುತ್ತದೆ. ಬೈಯುವ ಅಗತ್ಯವೇ ಇಲ್ಲ. ಎಲ್ಲರೂ ಸೇರಿ ಆ ಕಡ್ಡಿಯನ್ನು ಹುಡುಕುತ್ತಾರೆ, ಬೇರೆ ಕಡ್ಡಿ ಅಳೆಯುತ್ತಾರೆ. ಅಳತೆ ಯಾಕೆ ಸರಿ ಇರಬೇಕು ಅಂತ ನಾನು ಬೋರ್ಡಿನಲ್ಲಿ ಎಷ್ಟು ಹೇಳಿದ್ದರೂ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಇನ್ನೊಂದು ವಿಷಯ. ಬರೀ ಚೌಕ ಕೈಯಲ್ಲಿ ಹಿಡಿದರೆ ಅಲುಗಾಡುತ್ತದೆ, ಓರೆಯಾಗಿ ಬಾಗುತ್ತದೆ. ತ್ರಿಕೋನ ಬಾಗುವುದಿಲ್ಲ. ಇದನ್ನು ಮಕ್ಕಳೇ ಕಂಡುಹಿಡಿಯಲಿ. ಚೌಕದ ನಡುವೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕಟ್ಟಿದರೆ ಗಟ್ಟಿಯಾಗುತ್ತದೆ. ಅದಕ್ಕೆ 42 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಬೇಕು. 30 ಸಾಲುವುದಿಲ್ಲ, 60 ಜಾಸ್ತಿ ಆಯಿತು, ಹಾಗಾದರೆ ಎಷ್ಟು ಅಂತ ಕೇಳಿ ಸುಮ್ಮನಿರಿ. ಏಳನೇ ತರಗತಿಯವರು ಇದ್ದರೆ ಅವರನ್ನೂ ಕರೆಯಿರಿ.

ಕೊನೆಗೆ ಬಣ್ಣದ ತೆಳು ಕಾಗದ ಅಂಟಿಸುವುದು. ಆರು ಚೌಕ, ಎಂಟು ತ್ರಿಕೋನ, ಒಟ್ಟು 14 ಮುಖ. ಯಾವ ಮುಖಕ್ಕೆ ಯಾವ ಬಣ್ಣ ಅಂತ ಮಕ್ಕಳೇ ಮಾತಾಡಿಕೊಂಡು ತೀರ್ಮಾನ ಮಾಡಬೇಕು. ನಮ್ಮಲ್ಲಿ ಇದಕ್ಕೇ ಒಂದು ಇಡೀ ಪಿರಿಯಡ್ ಹೋಗಿತ್ತು. ಹೋಗಲಿ. ಆ ಮಾತುಕತೆ ಕೂಡ ಕೆಲಸದ ಭಾಗವೇ. ಒಳಗೆ ಹಣತೆ ಬೇಡ, ಚಿಕ್ಕ ಎಲ್‌ಇಡಿ ಬಲ್ಬ್ ಸಾಕು. ಅದಕ್ಕೆ ವಯರ್ ಕೊಡುವ ಕೆಲಸ ದೊಡ್ಡವರದ್ದು.

ನನಗೇ ಚಿತ್ರ ಬಿಡಿಸಲು ಬರುವುದಿಲ್ಲ. ಮಕ್ಕಳಿಗೆ ಹೇಗೆ ಹೇಳಿಕೊಡಲಿ?

ನನಗೂ ಬರುವುದಿಲ್ಲ. ಅದು ಒಂದು ರೀತಿಯಲ್ಲಿ ಒಳ್ಳೆಯದೇ. ಚೆನ್ನಾಗಿ ಬಿಡಿಸುವ ಟೀಚರ್ ಬೋರ್ಡಿನಲ್ಲಿ ಒಂದು ನವಿಲು ಬರೆದರೆ ಮಕ್ಕಳೆಲ್ಲ ಅದೇ ನವಿಲನ್ನು ಬರೆಯುತ್ತಾರೆ.

ಚಿತ್ರ ಬಿಡಿಸಿ ಅಂದರೆ ನಮ್ಮ ಮಕ್ಕಳು ಏನು ಬಿಡಿಸುತ್ತಾರೆ ಅಂತ ಎಲ್ಲರಿಗೂ ಗೊತ್ತಿದೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಒಂದು ಮನೆ. ಮಲ್ಪೆಯ ಮಗುವೂ ಅದನ್ನೇ ಬಿಡಿಸುತ್ತದೆ, ಕಾರ್ಕಳದ ಮಗುವೂ ಅದನ್ನೇ. ಮಲ್ಪೆಯ ಮಗು ದಿನಾ ಸಂಜೆ ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ನೋಡುತ್ತದೆ, ಅಲ್ವಾ? ಬಂದರಿನಲ್ಲಿ ಸಾಲಾಗಿ ನಿಂತ ಬೋಟುಗಳು, ಬಲೆ ರಿಪೇರಿ ಮಾಡುವವರು, ಮೀನಿನ ಬುಟ್ಟಿ, ಮೇಲೆ ಹಾರುವ ಗಿಡುಗ, ಎಲ್ಲ ಕಣ್ಣ ಮುಂದೆ ಇವೆ. ಹಾಗಾಗಿ ನಾನು "ಚಿತ್ರ ಬಿಡಿಸಿ" ಅನ್ನುವುದಿಲ್ಲ. "ನಿಮ್ಮ ಮನೆಯ ಅಡುಗೆಕೋಣೆಯ ಕಿಟಕಿಯಿಂದ ಏನೇನು ಕಾಣುತ್ತದೆ?" ಅಂತ ಕೇಳುತ್ತೇನೆ. ಗೊತ್ತಿಲ್ಲದವರು ಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ.

ಏಳೆಂಟು ವರ್ಷದವರೆಗೆ ಮಕ್ಕಳಿಗೆ ಹೆದರಿಕೆ ಇರುವುದಿಲ್ಲ. ಕೆಳಗೆ ಒಂದು ಗೆರೆ ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುತ್ತಾರೆ. ಅಮ್ಮ ಮನೆಗಿಂತ ಎತ್ತರ ಇರುತ್ತಾರೆ. ತಿದ್ದಬೇಡಿ, ಆ ಪ್ರಾಯದಲ್ಲಿ ಎಲ್ಲ ಮಕ್ಕಳೂ ಹಾಗೆಯೇ. ಒಂಬತ್ತು ಹತ್ತು ವರ್ಷಕ್ಕೆ ಬಂದಾಗ ಚಿತ್ರ ನಿಜವಾದದ್ದರ ಹಾಗೆ ಕಾಣಬೇಕು ಅಂತ ಅವರಿಗೇ ಅನಿಸಲು ಶುರುವಾಗುತ್ತದೆ. "ನನಗೆ ಬರುವುದಿಲ್ಲ ಟೀಚರ್" ಅನ್ನುವ ಮಾತು ಬರುವುದು ಆಗಲೇ. ಈ ಪ್ರಾಯದವರಿಗೆ ಸೇರಿ ಮಾಡುವ ಕೆಲಸ ತುಂಬ ಸಹಾಯ ಮಾಡುತ್ತದೆ. ಗೆರೆ ಎಳೆಯಲು ಹೆದರುವವನಿಗೆ ಕತ್ತರಿಸುವುದು, ಕಟ್ಟುವುದು, ಬಣ್ಣ ಕಲಸುವುದು, ಕಥೆ ಹೇಳುವುದು ಇದ್ದೇ ಇದೆ.

ಈ ಊರಿನವರು ಎಂಥ ಗೆರೆ ಎಳೆದಿದ್ದಾರೆ ಅಂತಲೂ ಮಕ್ಕಳಿಗೆ ತೋರಿಸಿ. ದೊಡ್ಡ ಕಲಾವಿದ ಕೆ. ಕೆ. ಹೆಬ್ಬಾರರು 1911ರಲ್ಲಿ ಹುಟ್ಟಿದ್ದು ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಕುಣಿಯುವವರನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿದಿಟ್ಟದ್ದನ್ನು ನೋಡಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ಖರ್ಚಿಗೆ ಏನು ಮಾಡುವುದು?

ನಮ್ಮ ಊರಿನಲ್ಲಿ ಕಲೆಗೆ ಬೇಕಾದ ಸಾಮಾನು ತೋಟದಲ್ಲೇ ಬಿದ್ದಿರುತ್ತದೆ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ, ಬೇಕಾದ ಆಕಾರಕ್ಕೆ ಕತ್ತರಿಸಿ ಭಾರ ಇಟ್ಟು ಒಣಗಿಸಿದರೆ ಮುಖವಾಡವಾಗುತ್ತದೆ. ಗೆರಟೆ (ತೆಂಗಿನಕಾಯಿ ಚಿಪ್ಪು), ತೆಂಗಿನ ಗರಿ, ಬೈಹುಲ್ಲು, ಮರುವಾಯಿ ಚಿಪ್ಪು (ಕಪ್ಪೆಚಿಪ್ಪು), ಹಳೆ ಸೀರೆ, ಮದುವೆ ಕಾಗದ ಎಲ್ಲ ಆಗುತ್ತದೆ. ಜೇಡಿಮಣ್ಣು ಬೇಕಾದರೆ ಕುಂಬಾರರ ಹತ್ತಿರ ಕೇಳಿ. ಹುತ್ತದ ಮಣ್ಣು ಮಾತ್ರ ಬೇಡ, ನಮ್ಮಲ್ಲಿ ಹುತ್ತ ಅಂದರೆ ನಾಗನ ಜಾಗ.

ಬಣ್ಣಕ್ಕೆ ಬಸಳೆ ಹಣ್ಣು ಹಿಂಡಿದರೆ ಒಳ್ಳೆಯ ನೇರಳೆ ಬರುತ್ತದೆ. ಅರಸಿನ ಹಳದಿ. ಅರಸಿನಕ್ಕೆ ಸುಣ್ಣ ಸೇರಿದರೆ ಕೆಂಪು, ಆರತಿಯ ಓಕುಳಿ ನೀರಿನ ಹಾಗೆ. ಸುಣ್ಣವನ್ನು ಟೀಚರೇ ಹಾಕಬೇಕು, ಕಣ್ಣಿಗೆ ಬಿದ್ದರೆ ಅಪಾಯ. ಶಂಖಪುಷ್ಪದ ನೀಲಿ ನೀರಿಗೆ ಲಿಂಬೆರಸ ಹಿಂಡಿದರೆ ನೇರಳೆ, ಆಮೇಲೆ ಗುಲಾಬಿ. ಇದ್ದಿಲಿನ ಕಪ್ಪು ಇದೆ, ಕೆಮ್ಮಣ್ಣಂತೂ ಕಾಲಡಿಯಲ್ಲೇ ಇದೆ. ಈ ಬಣ್ಣಗಳು ಬಹಳ ದಿನ ಉಳಿಯುವುದಿಲ್ಲ, ಬಿಸಿಲಿಗೆ ಮಾಸುತ್ತವೆ. ಯಾವುದು ಎಷ್ಟು ದಿನಕ್ಕೆ ಮಾಸುತ್ತದೆ ಅಂತ ಮಕ್ಕಳು ಬರೆದಿಡಲಿ, ಅದು ವಿಜ್ಞಾನದ ಪಾಠ.

ಅಂಟಿಗೆ ಒಂದು ಲೋಟ ಮೈದಾ, ನಾಲ್ಕು ಲೋಟ ನೀರು. ಸಣ್ಣ ಉರಿಯಲ್ಲಿ ಗಂಟು ಕಟ್ಟದ ಹಾಗೆ ಕಾಯಿಸಿ. ಅವತ್ತಿನದ್ದು ಅವತ್ತಿಗೇ, ಮರುದಿನಕ್ಕೆ ಇಟ್ಟರೆ ಹುಳಿ ವಾಸನೆ ಬರುತ್ತದೆ. ಹಿಂದೆ ಹುಳ ಹಿಡಿಯದಿರಲಿ ಅಂತ ಇದಕ್ಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ, ಶಾಲೆಯಲ್ಲಿ ಬೇಡವೇ ಬೇಡ.

ಮಳೆಗಾಲದಲ್ಲಿ ಏನು ಮಾಡಬಹುದು?

ಒಣಗಬೇಕಾದ ಯಾವ ಕೆಲಸವೂ ಬೇಡ. ಹಾಡು, ಕಥೆ, ನಾಟಕ, ಗೋಡೆ ಪತ್ರಿಕೆ ಸಾಕು. ಗೋಡೆ ಪತ್ರಿಕೆಯನ್ನು ಜುಲೈ 1ಕ್ಕೆ ಶುರು ಮಾಡಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ಕ್ಕೆ ನಮ್ಮ ಮಂಗಳೂರಿನಲ್ಲೇ ಕಲ್ಲಚ್ಚಿನಲ್ಲಿ ಹೊರಬಂತು. ಹೆರ್ಮನ್ ಮೊಗ್ಲಿಂಗ್ ಅದರ ಸಂಪಾದಕರು. ನಮ್ಮ ಮಕ್ಕಳು ಕಳೆದ ಆಟಿ ತಿಂಗಳಲ್ಲಿ (ತುಳುವಿನ ಮಳೆಗಾಲದ ತಿಂಗಳು) ಮನೆಯ ಹಿರಿಯರನ್ನು ಮಾತಾಡಿಸಿ, ಹಿಂದೆ ಆಟಿಯಲ್ಲಿ ಏನು ತಿನ್ನುತ್ತಿದ್ದರು, ಮನೆಮನೆಗೆ ವೇಷ ಹಾಕಿ ಬರುವ ಆಟಿ ಕಳಂಜ ಬಂದಾಗ ಏನು ಕೊಡುತ್ತಿದ್ದರು ಅಂತ ಬರೆದು, ಪಕ್ಕದಲ್ಲಿ ಚಿತ್ರ ಬಿಡಿಸಿ ಅಂಟಿಸಿದ್ದರು.

ಗೋಡೆಗೆ ಬಣ್ಣ ಹಚ್ಚುವುದಿದ್ದರೆ ಜನವರಿ, ಫೆಬ್ರವರಿವರೆಗೆ ಕಾಯಿರಿ. ನಾವು ಒಂದು ವರ್ಷ ಅವಸರ ಮಾಡಿದೆವು. ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಶಾಲೆಯ ಹಿಂದಿನ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆಗೆ ಮಕ್ಕಳ ಕೈಯಲ್ಲಿ ದೊಡ್ಡ ಚಿತ್ರ ಬಿಡಿಸಿದೆವು. ಕಲ್ಲು ಒಳಗಿನಿಂದ ಇನ್ನೂ ಒದ್ದೆ ಇತ್ತು. ದಸರಾ ರಜೆ ಮುಗಿಸಿ ಬಂದಾಗ ಬಣ್ಣ ಚಕ್ಕೆ ಚಕ್ಕೆಯಾಗಿ ಕೆಳಗೆ ಬಿದ್ದಿತ್ತು. ಮಕ್ಕಳ ಮುಖ ನೋಡಲು ನನಗೆ ಆಗಲಿಲ್ಲ.

ಚೆನ್ನಾಗಿ ಮಾಡಿದವರಿಗೆ ಬಹುಮಾನ ಕೊಡಬೇಕಾ?

ತರಗತಿಯ ಕೆಲಸಕ್ಕೆ ಬೇಡ. 1973ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು, ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಶಿಶುವಿಹಾರದ ಮಕ್ಕಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳನ್ನೇ ಆರಿಸಿದರು. ಕೆಲವರಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಬಹುಮಾನದ ಆಸೆಗೆ ಬಿಡಿಸಿದ ಮಕ್ಕಳು ಆ ಬಣ್ಣದ ಪೆನ್ನು ಹಿಡಿದ ಸಮಯ ಬೇರೆಯವರ ಸುಮಾರು ಅರ್ಧ ಮಾತ್ರ ಇತ್ತು.

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಇದೆಯಲ್ಲ ಅಂತ ಕೇಳುತ್ತೀರಿ. ಇರಲಿ. ವೇದಿಕೆ ಹತ್ತುವ ಧೈರ್ಯ ಅಲ್ಲಿ ಎಷ್ಟೋ ಮಕ್ಕಳಿಗೆ ಬಂದಿದೆ. ಆದರೆ ಅದಕ್ಕೆ ಶಾಲೆಯಿಂದ ಹೋಗುವುದು ಕೆಲವೇ ಮಕ್ಕಳು. ಉಳಿದವರಿಗೆ ವರ್ಷವಿಡೀ ಏನಿದೆ ಅನ್ನುವುದೇ ನನ್ನ ಚಿಂತೆ.

ಒಬ್ಬನೇ ಎಲ್ಲ ಮಾಡುತ್ತಾನೆ, ಕೆಲವರು ನೋಡುತ್ತಾ ಕೂರುತ್ತಾರೆ. ಜಗಳವೂ ಆಗುತ್ತದೆ.

ಗುಂಪು ದೊಡ್ಡದಾದರೆ ಹಾಗೆ ಆಗುತ್ತದೆ. ನಾಲ್ಕು ಮಕ್ಕಳಿಗಿಂತ ಜಾಸ್ತಿ ಬೇಡ. ಜಗಳ ಆದ ಕೂಡಲೇ ನಡುವೆ ಹೋಗಬೇಡಿ. ಕೈ ಎತ್ತುವವರೆಗೆ ಕಾಯಬಹುದು, ಅದಕ್ಕಿಂತ ಆಚೆ ಅಲ್ಲ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು, ಹೊರ ಜಿಲ್ಲೆಯಿಂದ ಬಂದ ಮಕ್ಕಳು ಒಟ್ಟಿಗೆ ಇದ್ದಾರೆ. ಹೇಗೆ ಸೇರಿಸುವುದು?

ಕೈ ಕೆಲಸ ಸೇರಿಸುತ್ತದೆ. ನನ್ನ ತರಗತಿಗೆ ಕೊಪ್ಪಳ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಅವನ ಮಾತು ಕೇಳಿ ಬೇರೆಯವರು ನಗುತ್ತಿದ್ದರು, ಅವನು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದ. ಗೂಡುದೀಪದ ಮೂಲೆ ಕಟ್ಟುವಾಗ ಎಲ್ಲರ ಗಂಟೂ ಜಾರುತ್ತಿತ್ತು, ಅವನದ್ದು ಮಾತ್ರ ಗಟ್ಟಿ. ಅವನ ಅಪ್ಪ ಸ್ಲ್ಯಾಬಿಗೆ ಕಬ್ಬಿಣ ಕಟ್ಟುವ ಕೆಲಸ ಮಾಡುತ್ತಾರೆ, ರಜೆಯಲ್ಲಿ ಇವನು ಜೊತೆಗೆ ಹೋಗಿ ನೋಡಿ ಕಲಿತಿದ್ದ. ಆ ದಿನ 12 ಮೂಲೆಯಲ್ಲಿ ಒಂಬತ್ತನ್ನು ಬೇರೆಯವರು ಅವನಿಂದ ಕೇಳಿಕೊಂಡೇ ಕಟ್ಟಿದರು.

ನಾಟಕ ಮಾಡುವಾಗ ಮಾತು ಅವರವರ ಭಾಷೆಯಲ್ಲೇ ಇರಲಿ. ಮೀನು ಮಾರುವ ಅಕ್ಕ ತುಳುವಿನಲ್ಲಿ ಕೂಗಿದರೇ ಚೆಂದ. ಕನ್ನಡ ಕೆಟ್ಟು ಹೋಗುತ್ತದೆ ಅನ್ನುವ ಹೆದರಿಕೆ ಬೇಡ.

ಹುಲಿವೇಷ, ಯಕ್ಷಗಾನ, ಭೂತಕೋಲ ಇವನ್ನು ಶಾಲೆಯಲ್ಲಿ ಮಾಡಿಸಬಹುದಾ?

ಹುಲಿವೇಷ ಧಾರಾಳ ಮಾಡಿಸಿ. ಉಡುಪಿಯ ಮಕ್ಕಳು ಅಷ್ಟಮಿಗೆ, ಮಂಗಳೂರಿನ ಮಕ್ಕಳು ದಸರಾಕ್ಕೆ ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿದರೆ ಕೂತಲ್ಲಿ ಕೂರುವುದಿಲ್ಲ. ಆದರೆ ಮೈಗೆ ಎಣ್ಣೆ ಪೇಂಟ್ ಬೇಡ. ಅದು ಮಕ್ಕಳ ಚರ್ಮಕ್ಕೆ ಉರಿ, ತೆಗೆಯುವಾಗ ಸೀಮೆಎಣ್ಣೆ ಹಚ್ಚಿದರೆ ಇನ್ನೂ ಕೆಟ್ಟದ್ದು. ಹಾಳೆಯ ಮುಖವಾಡ, ಹಳೆ ಬಟ್ಟೆಯ ಮೇಲೆ ಮಕ್ಕಳೇ ಬಿಡಿಸಿದ ಪಟ್ಟೆ ಸಾಕು. ಯಕ್ಷಗಾನವನ್ನು ಗೊತ್ತಿರುವ ಗುರುಗಳಿಂದಲೇ ಕಲಿಸಿ, ಹೆಜ್ಜೆ ತಪ್ಪು ಕಲಿತರೆ ತಿದ್ದುವುದು ಕಷ್ಟ.

ಭೂತಕೋಲ ಬೇಡ. ಅದು ಪ್ರದರ್ಶನ ಅಲ್ಲ, ಆರಾಧನೆ. ಅದನ್ನು ನಡೆಸಿಕೊಂಡು ಬಂದ ಸಮುದಾಯಗಳ ಹಿರಿಯರಿಗೆ ವೇದಿಕೆಯಲ್ಲಿ ಅದರ ಅನುಕರಣೆ ನೋಡಿದರೆ ನೋವಾಗುತ್ತದೆ. ಯಾಕೆ ಬೇಡ ಅಂತ ಮಕ್ಕಳ ಜೊತೆ ಮಾತಾಡಿ, ಅವರಿಗೆ ಅರ್ಥವಾಗುತ್ತದೆ. ಹಾಗೆಯೇ, ಶಾಲೆಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ದೀಪಾವಳಿಗೆ ಗೂಡುದೀಪ ಮಾಡಿದರೆ ಕ್ರಿಸ್ಮಸ್‌ಗೆ ನಕ್ಷತ್ರವನ್ನೂ ಮಾಡಿ, ಕಡ್ಡಿ ಅದೇ, ಕಾಗದ ಅದೇ.

ವಾರ್ಷಿಕೋತ್ಸವಕ್ಕೆ ಏನು ಮಾಡಿಸುವುದು?

ಇಲ್ಲಿ ನನ್ನ ಮಾತು ಸ್ವಲ್ಪ ಖಾರವಾಗಬಹುದು. ಬಾಡಿಗೆ ವೇಷ, ಸಿನಿಮಾ ಹಾಡು, ಹೊರಗಿನ ಡ್ಯಾನ್ಸ್ ಮಾಸ್ಟರ್, ಮುಂದಿನ ಸಾಲಿನಲ್ಲಿ ಯಾವಾಗಲೂ ಅದೇ ಆರು ಮಕ್ಕಳು. ಒಂದು ತಿಂಗಳು ಪಾಠವೂ ಇಲ್ಲ. ವೇಷದ ದುಡ್ಡು ಕೊಡಲು ಆಗದ ಮನೆಯ ಮಗು ಅವತ್ತು ಜ್ವರ ಅಂತ ಹೇಳಿ ಬರುವುದಿಲ್ಲ. ಇದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಮಾಡುತ್ತೇವೆ.

ನಾವು ಎರಡು ವರ್ಷದಿಂದ ಬೇರೆ ದಾರಿ ಹಿಡಿದಿದ್ದೇವೆ. ಐದು, ಆರು, ಏಳನೇ ತರಗತಿಯವರು ಸೇರಿ ಇಪ್ಪತ್ತು ನಿಮಿಷದ ಒಂದು ನಾಟಕ ಕಟ್ಟುತ್ತಾರೆ. ಕಥೆ ಊರಿನದ್ದೇ. ಮೊದಲ ವರ್ಷ ಶಾಲೆಯ ಬಾವಿಯ ಕಥೆ: ಯಾರು ತೋಡಿದರು, ಮೊದಲ ಕೊಡ ನೀರು ಯಾರ ಮನೆಗೆ ಹೋಯಿತು, ಈಗ ಮಾರ್ಚಿಗೇ ಯಾಕೆ ಬತ್ತುತ್ತದೆ. ಊರಿನ ಹಿರಿಯರನ್ನು ಕೇಳಿ ಮಕ್ಕಳೇ ಬರೆದರು. ಪರದೆ ಅಮ್ಮಂದಿರ ಹಳೆ ಸೀರೆ. ಮಳೆಯ ಸದ್ದು ಮುಚ್ಚಿದ ಡಬ್ಬದೊಳಗಿನ ಭತ್ತ, ಗುಡುಗು ದೊಡ್ಡ ತಗಡು. ಮೂವತ್ತೆಂಟು ಮಕ್ಕಳಿಗೂ ಕೆಲಸ ಇತ್ತು. ಮಾತು ಮರೆತರು, ಪರದೆ ಸಿಕ್ಕಿಹಾಕಿಕೊಂಡಿತು, ಒಂದು ದೃಶ್ಯ ತಲೆಕೆಳಗಾಯಿತು. ಬಾವಿ ತೋಡಿದವರ ಮನೆಯ ಅಜ್ಜಿ ಮುಂದಿನ ಕುರ್ಚಿಯಲ್ಲಿ ಕೂತು ಕೊನೆಯವರೆಗೂ ನೋಡಿದರು.

ಎಸ್‌ಡಿಎಂಸಿಯಲ್ಲಿ ಮೊದಲು ವಿರೋಧ ಇತ್ತು. ಒಂದು ನಾಟಕ, ಉಳಿದದ್ದು ಹಳೆ ರೀತಿಯಲ್ಲೇ ಇರಲಿ ಅಂತ ಒಪ್ಪಿಸಿ. ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೋಗಬೇಡಿ.

ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಕುಂದಾಪುರ ಹತ್ತಿರದ ಉಪ್ಪಿನಕುದ್ರುವಿಗೆ ಹೋಗಿ. ಅಲ್ಲಿಯ ಸೂತ್ರದ ಗೊಂಬೆಗಳು ಯಕ್ಷಗಾನದ ವೇಷ ತೊಟ್ಟು ಕುಣಿಯುತ್ತವೆ. ಮಂಗಳೂರಿನವರಿಗೆ ಪಿಲಿಕುಳದ ಕುಶಲಕರ್ಮಿಗಳ ಗ್ರಾಮ ಇದೆ, ಕುಂಬಾರಿಕೆ ನೋಡಬಹುದು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಚಾವಣಿಯ ತುಂಬ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1899ರಿಂದ ಬಿಡಿಸಿದ ಚಿತ್ರಗಳಿವೆ. ಪುತ್ತೂರಿನಲ್ಲಿ ಶಿವರಾಮ ಕಾರಂತರ ಬಾಲವನ. ಹೋಗುವಾಗ ಪ್ರತಿ ಮಗುವಿನ ಕೈಯಲ್ಲಿ ಒಂದು ಪುಸ್ತಕ, ಪೆನ್ಸಿಲ್ ಇರಲಿ. ಫೋಟೋ ಬೇಡ, ಒಂದೇ ಒಂದು ವಸ್ತುವನ್ನು ಹತ್ತು ನಿಮಿಷ ನೋಡಿ ಬಿಡಿಸಲಿ.

ಮೊಬೈಲಿನಲ್ಲಿ ಕೇಳಿದರೆ ಚಿತ್ರ ತಾನಾಗಿ ಬರುತ್ತದೆ. ಇನ್ನು ಇದೆಲ್ಲ ಯಾಕೆ?

ಆ ಚಿತ್ರದಲ್ಲಿ ಮಗುವಿನ ಕೈ ಇಲ್ಲ. ಕತ್ತರಿ ಹಿಡಿಯಲು, ಗಂಟು ಹಾಕಲು, ಪಕ್ಕದವನ ಮಾತು ಕೇಳಲು ಪ್ರಾಥಮಿಕ ಶಾಲೆಯಲ್ಲೇ ಕಲಿಯಬೇಕು.

ಪೋಷಕರು ಮನೆಯಲ್ಲಿ ಏನು ಮಾಡಬಹುದು?

ದಯವಿಟ್ಟು ಮಗುವಿನ ಕೆಲಸವನ್ನು ನೀವು ಮಾಡಿಕೊಡಬೇಡಿ. ನೀವು ಮಾಡಿದ್ದು ನೋಡಿದ ಕೂಡಲೇ ನಮಗೆ ಗೊತ್ತಾಗುತ್ತದೆ, ಮಗುವಿಗೆ ಅದಕ್ಕಿಂತ ಮೊದಲೇ ಗೊತ್ತಿರುತ್ತದೆ. ಚಿತ್ರ ತೋರಿಸಿದಾಗ "ಇದೇನು, ನಾಯಿಯಾ?" ಅಂತ ಕೇಳಬೇಡಿ, ಅದು ದನ ಆಗಿರಬಹುದು. "ಇದರ ಕಥೆ ಹೇಳು" ಅನ್ನಿ. ಮನೆಯಲ್ಲಿ ಒಂದು ಮೂಲೆ ಬಿಟ್ಟುಕೊಡಿ, ಅಲ್ಲಿ ಅಂಟು ಬಿದ್ದರೂ ಬೈಯದ ಹಾಗೆ.

ಮುಗಿದ ಮೇಲೆ ಆ ಕೆಲಸವನ್ನು ಏನು ಮಾಡುವುದು?

ಸ್ವಲ್ಪ ದಿನ ಜನ ನೋಡುವ ಜಾಗದಲ್ಲಿ ಇಡಿ. ಪಂಚಾಯತ್ ಲೈಬ್ರರಿ, ಹಾಲಿನ ಡೈರಿ, ಅಂಗನವಾಡಿ, ಬಸ್ ಸ್ಟಾಪ್ ಯಾವುದಾದರೂ ಆಗುತ್ತದೆ. ಹೆಸರು ಬರೆಯುವಾಗ ಎಲ್ಲ ಮಕ್ಕಳ ಹೆಸರೂ ಇರಲಿ, ಟೀಚರ ಹೆಸರು ಬೇಡ. ನಮ್ಮ ಗೂಡುದೀಪ ತುಳಸಿ ಪೂಜೆಯವರೆಗೆ ಶಾಲೆಯ ಜಗಲಿಯಲ್ಲಿ ತೂಗುತ್ತದೆ. ಆಮೇಲೆ ಮಕ್ಕಳೇ ಕಾಗದ ಹರಿದು, ಗಂಟು ಬಿಚ್ಚಿ, 24 ಕಡ್ಡಿಯನ್ನೂ ಎಣಿಸಿ ಕಟ್ಟು ಕಟ್ಟಿ ಅಟ್ಟದ ಮೇಲೆ ಇಡುತ್ತಾರೆ. ಮುರಿದದ್ದು ಇದ್ದರೆ ಯಾರದ್ದು ಅಂತ ಹೆಸರು ನೋಡುತ್ತಾರೆ. ಪ್ರತಿ ಕಡ್ಡಿಯ ತುದಿಯಲ್ಲಿ ಅದನ್ನು ಅಳೆದವರ ಹೆಸರು ಪೆನ್ಸಿಲಿನಲ್ಲಿ ಬರೆದಿರುತ್ತದೆ.